ಕೇಳದ ಕಿವಿಗೊಂದು ಎಳೆ

ಫೋನಿನಲ್ಲಿ ಮಾತಾಡುತ್ತಿರುವಾಗಲೇ ಆಶಾ ಕಾರ್ಯಕರ್ತೆಯ ದನಿ ನಿಂತುಹೋಯಿತು. ನಿಲ್ಲಬೇಕಾದದ್ದೇ. ಆ ಊರಿನ ರೌಟರಿಗೆ ಕೊಳ್ಳೇಗಾಲದ ನನ್ನ ಅಂಗಡಿಯಿಂದಲೇ ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹಾಕುತ್ತಿದ್ದೆ. ಹಾಕಿದ ಮೇಲೆ ಅದು ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. "ಎರಡು ನಿಮಿಷ ಲೈನ್ ಇರಲ್ಲ ಅಕ್ಕಾ, ಆಮೇಲೆ ನಾನೇ ಫೋನ್ ಮಾಡ್ತೀನಿ" ಎಂದು ಮೊದಲೇ ಹೇಳಿದ್ದೆ. ಎರಡು ನಿಮಿಷ ಆಯಿತು. ಐದಾಯಿತು. ಪರದೆಯ ಮೇಲೆ ಆ ಊರಿನ ಹೆಸರಿನ ಮುಂದಿನ ಚುಕ್ಕೆ ಕೆಂಪಾಗಿಯೇ ಇತ್ತು. ಹತ್ತು ನಿಮಿಷ ಆದರೂ ಹಸಿರಾಗಲಿಲ್ಲ.

ಹನೂರು ದಾಟಿ ಕಾಡಂಚಿನಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರ ಇರುವ ಊರು ಅದು. ಯಾವ ಕಂಪನಿಯ ಸಿಗ್ನಲ್ಲೂ ಅಲ್ಲಿಗೆ ಬರುವುದಿಲ್ಲ. ಶಾಲೆಯ ತಾರಸಿಯ ಕಂಬದಲ್ಲಿ ಈ ರೌಟರ್ ಇದೆ, ಎದುರಿನ ಬೆಟ್ಟದ ನೆತ್ತಿಯಲ್ಲಿ ಅದರ ಜೋಡಿ ಇದೆ. ಊರಿನ ಫೋನುಗಳೆಲ್ಲ ಈ ವೈಫೈ ಮೇಲೆಯೇ ನಡೆಯುವುದು. ಅಂದರೆ ನಾನು ಕೆಡಿಸಿದ್ದು ಇಂಟರ್ನೆಟ್ಟನ್ನಲ್ಲ, ಊರಿನ ಬಾಯನ್ನೇ. ಬೇರೆ ಪೆಟ್ಟಿಗೆ ತೂಗುಹಾಕೋಣವೆಂದರೆ ಅದೂ ಆಗದು. ಬೆಟ್ಟದ ಮೇಲಿನ ಪೆಟ್ಟಿಗೆ ಇದೊಂದರ ಗುರುತನ್ನು, ಇದರೊಳಗಿನ ಕೀಲಿಪದವನ್ನು ಮಾತ್ರ ಒಪ್ಪುತ್ತದೆ. ಅದನ್ನು ಕೂರಿಸಿದವನು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು, ಕೀಲಿಪದ ಯಾರ ಬಳಿಯೂ ಇರಲಿಲ್ಲ. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ವಾರಗಟ್ಟಲೆಯ ಮಾತು.

ಅಷ್ಟು ದಿನ ಕಾಯುವಂತಿರಲಿಲ್ಲ. ಆ ಊರಿನಲ್ಲಿ ಒಬ್ಬ ಬಸುರಿಗೆ ದಿನ ತುಂಬುತ್ತ ಬಂದಿತ್ತು. ಮೊದಲ ಹೆರಿಗೆ ದಾರಿಯಲ್ಲಿ ಜೀಪಿನೊಳಗೇ ಆಗಿ, ರಕ್ತ ಬಹಳ ಹೋಗಿ ಬದುಕಿಕೊಂಡವಳು. ಈ ಸಲ ಆಂಬುಲೆನ್ಸಿಗೆ ಫೋನ್ ಸಿಗಲೇಬೇಕು ಎಂದು ಆಶಾ ಕಾರ್ಯಕರ್ತೆ ವಾರದಿಂದ ನನ್ನ ಬೆನ್ನು ಹತ್ತಿದ್ದರು. "ಮಳೆ ಬಂದ್ರೆ ಲೈನ್ ಕಟ್ ಆಯ್ತದೆ ಸಾ, ಸರಿ ಮಾಡ್ಕೊಡಿ" ಎಂಬುದು ಅವರ ದಿನದ ಮಂತ್ರ. ಅದಕ್ಕೇ ಹೊಸ ಫರ್ಮ್‌ವೇರ್ ಹಾಕಹೊರಟಿದ್ದೆ. ಒಳ್ಳೆಯದು ಮಾಡಲು ಹೋಗಿ ಆದದ್ದು ಇದು.

ನನಗೆ ಮೂಗಿನ ತುದಿಯಲ್ಲೇ ಕೋಪ. ಬೈಕ್ ಹತ್ತಿ ಕಾಮಗೆರೆ ದಾಟುವುದರೊಳಗೆ ತಪ್ಪು ಯಾರದೆಂದು ತೀರ್ಮಾನ ಮಾಡಿಯಾಗಿತ್ತು. ಒಂದೇ ಹೆಸರಿನ ಈ ರೌಟರಿನೊಳಗೆ ಬೇರೆ ಬೇರೆ ಸರ್ಕ್ಯೂಟ್ ಹಲಗೆಗಳು ಬರುತ್ತವೆ. ಯಾವ ಹಲಗೆ ಎಂಬುದು ಅಡಿಯ ಸ್ಟಿಕ್ಕರಿನಲ್ಲಿ ಮಾತ್ರ ಇರುತ್ತದೆ, ಒಂದು ಅಕ್ಷರ ಮತ್ತು ಒಂದು ಅಂಕಿ. ತಾರಸಿ ಹತ್ತಿ ಅದನ್ನು ಓದಿ ಹೇಳಿ ಎಂದು ಆಕೆಗೆ ಹೇಳಿದ್ದೆ. ಆಕೆ ಹೇಳಿದ್ದರು. ಕಂಪನಿಯ ಪುಟದಲ್ಲಿ ಎ-ಎಂಟು ಎಂದಿದ್ದ ಫೈಲನ್ನು ಇಳಿಸಿಕೊಂಡು ಹಾಕಿದ್ದೆ. ಪೆಟ್ಟಿಗೆಯೇನೋ ಒಮ್ಮೆ ಗೊಣಗಿತ್ತು, ಈ ಫೈಲು ನನ್ನದಲ್ಲವೆಂದು. ಆ ಗೊಣಗಾಟ ಎಲ್ಲ ಪೆಟ್ಟಿಗೆಗಳದ್ದೂ ಇದ್ದದ್ದೇ ಎಂದು ‘ಆದರೂ ಹಾಕು’ ಎನ್ನುವುದನ್ನು ಒತ್ತಿದ್ದೆ. ಆಕೆ ತಪ್ಪಾಗಿ ಓದಿದ್ದಾರೆ, ಇನ್ನೇನು.

ಊರು ತಲುಪಿದಾಗ ಶಾಲೆಯ ಮುಂದೆ ಹತ್ತು ಹದಿನೈದು ಜನ ಇದ್ದರು. ಬಸುರಿಯ ಅತ್ತೆಯೂ ಇದ್ದರು. ಆಶಾ ಕಾರ್ಯಕರ್ತೆ ತಾರಸಿಯ ಮೆಟ್ಟಿಲಲ್ಲಿ ನಿಂತಿದ್ದರು, ಆಗಲೇ ಎಲ್ಲರಿಂದಲೂ ಮಾತು ಕೇಳಿಸಿಕೊಂಡ ಮುಖ.

"ಏನ್ರೀ ಅಕ್ಕಾ, ನೋಡಿ ಓದಿ ಅಂದ್ರೆ ಏನೋ ಒಂದು ಹೇಳೋದಾ?" ಎಂದೆ. ದನಿ ಜೋರಾಗಿಯೇ ಬಂತು.

"ನಾನು ಸರಿಯಾಗೇ ಯೋಳಿದ್ದು ಸಾ. ಎ ಟು ಅಂತ ಬರ್ದದೆ, ಎ ಟು ಅಂದೆ."

ಕಂಬದಿಂದ ಪೆಟ್ಟಿಗೆ ಬಿಚ್ಚಿ ಮಗುಚಿದೆ. ಎ, ಅದರ ಪಕ್ಕದಲ್ಲಿ ಎರಡು. ಎ ಟು.

ಆಗ ಹೊಳೆಯಿತು. ನನಗೆ ಕೇಳಿಸಿದ್ದು "ಎಟ್ಟು". ತಮಿಳಿನಲ್ಲಿ ಎಂಟು. ನಮ್ಮದು ನೇಕಾರರ ಮನೆ, ಚಿಕ್ಕಂದಿನಲ್ಲಿ ಜರಿ ತರುತ್ತಿದ್ದವರು ನೂಲಿನ ಲಡಿ ಎಣಿಸುತ್ತಿದ್ದುದು ಒಣ್ಣು, ರೆಂಡು ಎಂದು ತಮಿಳಿನಲ್ಲೇ. ಆಕೆಯ ಮನೆಮಾತು ತಮಿಳೆಂದು ನನಗೆ ಗೊತ್ತು. ಆ ಬಾಯಿಂದ "ಎ ಟು" ಬಂದಾಗ ನನ್ನ ಕಿವಿ ತಾನಾಗಿ ಎಂಟು ಮಾಡಿಕೊಂಡಿತು. ಈ ಹಲಗೆಗಳ ಅಕ್ಷರ ಹೇಗೂ ಎ, ಅಂಕಿಯನ್ನಷ್ಟೇ ಹೇಳಿದರು ಎಂದುಕೊಂಡೆ. ತಮಿಳು ತಿಳಿಯದ ಬೇರೆ ಊರಿನ ಮೆಕ್ಯಾನಿಕ್ಕಿಗೆ ಈ ತಪ್ಪು ಮಾಡಬೇಕೆಂದರೂ ಬರುತ್ತಿರಲಿಲ್ಲ. "ಏನಂದ್ರಿ, ಇನ್ನೊಂದ್ಸಲ ಹೇಳಿ" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಅದನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. "ಇರಲಿ ಬಿಡಿ, ಆದದ್ದಾಯ್ತು" ಎಂದು ದೊಡ್ಡ ಮನುಷ್ಯನಂತೆ ಅಂದು, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿದೆ. ಬಸುರಿಯ ಅತ್ತೆ ಆಕೆಯ ಕಡೆ ತಿರುಗಿ, "ನಿಂಗ್ಯಾಕವ್ವ ಬೇಕಿತ್ತು ಈ ಉಸಾಬರಿ? ಇದ್ದ ಫೋನೂ ಓಯ್ತಲ್ಲ" ಎಂದರು. ನಾನು ಬೈಕ್ ಹತ್ತುವಾಗ ಆಶಾ ಕಾರ್ಯಕರ್ತೆ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನಾಳೆ ಬಸ್ಸಲ್ಲಿ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ ಅಂದ್ರೆ ಬ್ಯಾಡ ಅಂತಾವ್ರೆ ಸಾ, ಇನ್ನೂ ಎರಡ್ ವಾರ ಅದೆ ಅಂತ. ನಂಗ್ಯಾಕೋ ಒಟ್ಟೆ ಕೆಳಗಿಳ್ದಂಗೆ ಕಾಣ್ತದೆ. ಬ್ಯಾಗ್ನೆ ಸರಿ ಮಾಡ್ಕಂಡು ಬನ್ನಿ."

ಅಂದು ಮನೆ ಸೇರಿದಾಗ ಕತ್ತಲಾಗಿತ್ತು. ನಿದ್ದೆ ಬರಲಿಲ್ಲ ಎನ್ನುವುದಕ್ಕಿಂತ, ಆಶಾ ಕಾರ್ಯಕರ್ತೆಯ ಮುಖ ಕಣ್ಣಿಂದ ಹೋಗಲಿಲ್ಲ ಎನ್ನಬೇಕು.

ಸತ್ತ ರೌಟರಿಗೆ ಒಂದು ಹಿಂಬಾಗಿಲಿರುತ್ತದೆ. ಮೇಲಿನ ಮುಚ್ಚಳ ತೆಗೆದರೆ ಹಲಗೆಯ ಅಂಚಿನಲ್ಲಿ ಸಾಲಾಗಿ ನಾಲ್ಕು ತೂತುಗಳು. ತಯಾರಿಸುವವರು ಪರೀಕ್ಷೆಗೆಂದು ಬಿಟ್ಟದ್ದು. ಒಂದು ಕರೆಂಟಿನದು, ಒಂದು ಅರ್ತಿನದು, ಒಂದು ಪೆಟ್ಟಿಗೆಯ ಬಾಯಿ, ಒಂದು ಅದರ ಕಿವಿ. ಆ ಬಾಯಿಗೂ ಕಿವಿಗೂ ತಂತಿ ಕೊಟ್ಟು ಲ್ಯಾಪ್‌ಟಾಪಿಗೆ ಸೇರಿಸಿದರೆ, ದೀಪವೂ ಸರಿಯಾಗಿ ಹೊತ್ತದ ಪೆಟ್ಟಿಗೆ ಕೂಡ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ನಡುವೆ ಒಂದು ಪುಟ್ಟ ಅಡಾಪ್ಟರ್ ಬೇಕು. ನನ್ನ ಬಳಿ ಇದ್ದದ್ದು ಐದು ವೋಲ್ಟಿನದು. ಈ ಹಲಗೆ ತಡೆಯುವುದು ಮೂರು ಚಿಲ್ಲರೆ. ಹಿಂದೊಮ್ಮೆ ಅದನ್ನೇ ಚುಚ್ಚಿ ಒಂದು ರೌಟರನ್ನು ಪೂರ್ತಿ ಸುಟ್ಟಿದ್ದೆ.

ಬೆಳಕು ಹರಿಯುವ ಮೊದಲೇ ಯಳಂದೂರಿಗೆ ಹೊರಟೆ. ಅಲ್ಲಿ ಸೆಟ್‌ಟಾಪ್ ಬಾಕ್ಸ್ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ, ಅವನ ಬಳಿ ಸರಿಯಾದದ್ದಿತ್ತು. ಹಲ್ಲುಜ್ಜುತ್ತಲೇ ಬಾಗಿಲು ತೆಗೆದ. ಕಥೆ ಕೇಳಿ, "ಎಲ್ಲ ಅಳ್ಸಾಕಿ ಒಸ್ದಾಗಿ ತುಂಬ್ಲಾ, ಐದ್ ನಿಮಿಷದ್ ಕೆಲ್ಸ" ಎಂದ.

"ಅಳಿಸಿದ್ರೆ ಒಳಗಿರೋ ಕೀಲಿಪದಾನೂ ಹೋಯ್ತದೆ ಕಣೋ."

"ಅಂಗಾರೆ ದೇವ್ರೇ ಗತಿ ಕಣ್ಲಾ" ಎಂದು ಅಡಾಪ್ಟರ್ ಕೈಗಿಟ್ಟ. ವಾಪಸು ಬರುವಾಗ ಕುಂತೂರಿನ ಕಡೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ರಸ್ತೆ ತುಂಬ. ಒಂದೊಂದರ ಹಿಂದೆ ಸಿಕ್ಕಿಕೊಂಡಾಗಲೂ ಬಾಯಿಗೆ ಬಂದಂತೆ ಬೈದುಕೊಂಡೆ. ಟ್ರಾಕ್ಟರಿಗೆ ಏನು ಗೊತ್ತು ಪಾಪ.

ಅಂಗಡಿ ತೆರೆಯದೆ ಮನೆಯ ಜಗುಲಿಯಲ್ಲೇ ಕೂತೆ, ಬೆಳಕು ಅಲ್ಲಿ ಚೆನ್ನಾಗಿರುತ್ತದೆ. ಮೀಟರ್ ಹಿಡಿದು ಮೊದಲು ಅರ್ತಿನ ತೂತನ್ನು ಗುರುತಿಸಿದೆ. ಪೆಟ್ಟಿಗೆಗೆ ಕರೆಂಟ್ ಕೊಟ್ಟಾಗ ಒಂದು ತೂತಿನ ವೋಲ್ಟು ಕುಣಿಯಿತು, ಅದು ಬಾಯಿ. ಅಲ್ಲಾಡದೆ ಉಳಿದದ್ದು ಕಿವಿ. ಕರೆಂಟಿನ ತೂತನ್ನು ಮುಟ್ಟಲಿಲ್ಲ. ಅದರ ಬಾಯನ್ನು ನನ್ನ ಅಡಾಪ್ಟರಿನ ಕಿವಿಗೆ ಕೊಟ್ಟು, ವೇಗ ಹೊಂದಿಸಿ, ಕರೆಂಟ್ ತೆಗೆದು ಮತ್ತೆ ಕೊಟ್ಟೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ದಬದಬನೆ ಬಿದ್ದವು. ಪೆಟ್ಟಿಗೆ ಸತ್ತಿರಲಿಲ್ಲ. ಏಳುವುದು, ಒಳಗಿನ ಸರಕು ಓದುವುದು, ಇದು ನನ್ನದಲ್ಲವೆಂದು ಬಿದ್ದುಹೋಗುವುದು, ಮತ್ತೆ ಏಳುವುದು. ನೆನ್ನೆಯಿಂದ ಹಾಗೇ ಎದ್ದು ಬೀಳುತ್ತಿತ್ತು.

ಪ್ರತಿಸಲ ಏಳುವಾಗ ಅದು ಒಂದೇ ಒಂದು ಸೆಕೆಂಡು ಕಾಯುತ್ತದೆ. ಆಗ ಕೀಲಿಮಣೆ ಒತ್ತಿದರೆ ನಿಂತು ನಮ್ಮ ಮಾತು ಕೇಳುತ್ತದೆ. ಅದಕ್ಕೆ ಅದರ ಕಿವಿಗೂ ತಂತಿ ಬೇಕು. ಆ ತೂತಿಗೆ ತಂತಿ ಬೆಸೆಯಲು ಸೋಲ್ಡರಿಂಗ್ ಐರನ್ ಇಟ್ಟೆ. ತವರ ಕರಗಲಿಲ್ಲವೆಂದು ಇನ್ನೂ ಒಂದು ಕ್ಷಣ ಒತ್ತಿದೆ. ತಂತಿ ಎಳೆದು ನೋಡಿದಾಗ ತೂತಿನ ಸುತ್ತಲಿನ ತಾಮ್ರದ ಬಳೆ ತಂತಿಯ ಜೊತೆಗೇ ಕಿತ್ತು ಬಂತು.

ಕಿವಿಯನ್ನೇ ಕಿತ್ತಿದ್ದೆ. ಈಗ ಪೆಟ್ಟಿಗೆ ಮಾತಾಡುತ್ತದೆ, ನನಗೆ ಕೇಳುತ್ತದೆ. ನಾನು ಮಾತಾಡಿದರೆ ಅದಕ್ಕೆ ಕೇಳುವುದಿಲ್ಲ. ಹಲಗೆಯ ಮೇಲೆ ಒಂದು ಗೆರೆ ಮಾತ್ರ ಉಳಿದಿತ್ತು. ಅದು ಬೆರಳಗಲದಾಚೆ ಒಂದು ಸೂಜಿಮೊನೆಯಷ್ಟು ತೂತಿಗೆ ಹೋಗಿ ಹಲಗೆಯ ಅಡಿಗೆ ಇಳಿಯುತ್ತಿತ್ತು. ಆ ತೂತಿನೊಳಗೆ ಒಂದೇ ಒಂದು ತಾಮ್ರದ ಎಳೆ ತೂರಿಸಿದರೆ ಕಿವಿ ಸಿಗಬಹುದು. ಭೂತಗನ್ನಡಿ ಹಿಡಿದು ತೂರಿಸಿದೆ. ಎಳೆ ಬಾಗಿತು. ಮತ್ತೊಂದು ತೆಗೆದೆ, ಅದೂ ಬಾಗಿತು. ಏಳನೆಯದೋ ಎಂಟನೆಯದೋ ಬಾಗಿದಾಗ ಇಕ್ಕಳವನ್ನು ಗೋಡೆಗೆ ಬೀಸಿ ಒಗೆದೆ.

ಒಳಗೆ ಮಗ್ಗದ ಮುಂದೆ ಅತ್ತಿಗೆ ಕೆಚ್ಚುತ್ತಿದ್ದರು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ನೇಯುವುದಿಲ್ಲ. ತುದಿಗಳನ್ನು ಬಿಟ್ಟು, ಹೊಸ ಹಾಸಿನ ಒಂದೊಂದು ರೇಷ್ಮೆ ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ. ಅದೇ ಕೆಚ್ಚುವುದು. ಗಂಟಿಲ್ಲ, ಅಂಟಿಲ್ಲ, ಬೂದಿ ಮುಟ್ಟಿದ ಬೆರಳು ಮಾತ್ರ. ಊರಲ್ಲಿ ಅವರಷ್ಟು ಬೇಗ ಕೆಚ್ಚುವವರು ಈಗ ಕಡಿಮೆ.

ಇಕ್ಕಳದ ಸದ್ದಿಗೆ ಹೊರಗೆ ಬಂದರು. "ಏನಪ್ಪ ನಿಂದು, ಬೆಳಗ್ಗಿಂದ ಅನುಮಂತನಂಗೆ ಆರಾಡ್ತಿದ್ದೀಯ?"

ಹೇಳಿದೆ. ಯಾಕೋ ಎಟ್ಟುವಿನ ಕಥೆಯನ್ನೂ ಹೇಳಿದೆ, ಆಕೆಯನ್ನು ಎಲ್ಲರೆದುರು ಗದರಿದ್ದನ್ನೂ. ಅತ್ತಿಗೆ ನಗಲಿಲ್ಲ. "ಕುಣೀಲಾರ್ದವಳು ನೆಲ ಡೊಂಕು ಅಂದಂಗಾಯ್ತು. ಅವ್ಳ್ ತಲೆ ಮ್ಯಾಲೆ ಆಕ್ಬುಟ್ಟು ಬಂದ್ಯಾ?" ಎಂದರು. ನನ್ನ ಕೆಲಸಕ್ಕೆ ಮನೆಯ ಯಾರನ್ನೂ ನಾನು ಹತ್ತಿರ ಸೇರಿಸಿದವನಲ್ಲ. ಮಗ್ಗ ಬಿಟ್ಟು ಬಂದವನಿಗೆ ಅದೊಂದು ಜಂಬ. ಗಡಿಯಾರ ನೋಡಿದೆ. ಹನ್ನೊಂದು ಹತ್ತಿರ. ಹಲಗೆಯನ್ನು ಅವರ ಮುಂದೆ ತಳ್ಳಿ, "ಈ ತೂತಿಗೆ ಒಂದೆಳೆ ತೂರಿಸಿ ಕೆಚ್ಚಿಕೊಡ್ತೀರಾ ಅತ್ತಿಗೆ?" ಎಂದೆ.

ಅವರು ಕನ್ನಡಕ ತೆಗೆದಿಟ್ಟರು. "ಇದುಕ್ಕೆ ಕಣ್ಣು ಬ್ಯಾಡ, ಬೆರ್ಳು ನೋಡ್ತದೆ" ಎಂದು ಬೂದಿಯ ಬಟ್ಟಲಿಗೆ ಕೈ ಹಾಕಿದರು.

"ಬೂದಿ ಬೇಡ!" ಎಂದು ಕೂಗಿಯೇಬಿಟ್ಟೆ. ಬೂದಿ ತಗುಲಿದರೆ ತವರ ಹಿಡಿಯುವುದಿಲ್ಲ.

"ಒಣಗೈಲಿ ಜಾರ್ತದಲ್ಲ?"

ಬೆಸುಗೆಗೆ ಬಳಸುವ ರಾಳದ ಡಬ್ಬಿ ನೆನಪಾಯಿತು. ಚೂರು ಒಡೆದು ಪುಡಿ ಮಾಡಿ ಕೊಟ್ಟೆ. ಬೆರಳಿಗೆ ಹಿಡಿತವೂ ಸಿಗುತ್ತದೆ, ತವರಕ್ಕೂ ಒಳ್ಳೆಯದು. ಅವರು ಎರಡು ಬೆರಳಿಗೆ ತೀಡಿಕೊಂಡು, ಮೂಸಿ, "ಅಂಟಂಟು" ಎಂದರು. ತಾಮ್ರದ ಎಳೆಯ ತುದಿಯನ್ನು ಉಗುರಲ್ಲಿ ಒಮ್ಮೆ ನೀವಿ ನೇರ ಮಾಡಿ ತೂತಿನ ಮೇಲಿಟ್ಟರು. ಒತ್ತಲಿಲ್ಲ. ಎಳೆಯನ್ನು ಬೆರಳ ನಡುವೆ ತಿರುಗಿಸುತ್ತ ಹೋದರು, ಅಷ್ಟೇ. ಅದು ತಾನಾಗಿ ಇಳಿಯಿತು. ಹಲಗೆ ಮಗುಚಿ ಅಡಿಯಿಂದ ಬಂದ ತುದಿಯನ್ನು ಮೇಲಕ್ಕೆ ತಂದು, ಎರಡನ್ನೂ ನನ್ನ ತಂತಿಯ ಜೊತೆ ಸೇರಿಸಿ ಹೆಬ್ಬೆರಳಲ್ಲಿ ಒಂದು ತಿರುವು ಕೊಟ್ಟರು. ನಾನು ಐರನ್ನಿನ ತುದಿಯನ್ನು ಮುಟ್ಟಿಸಿ ತೆಗೆದೆ. ಹೊಗೆ ಎದ್ದು, ತವರ ಹೊಳೆಯಿತು.

ಕರೆಂಟ್ ಕೊಟ್ಟು ಕೀಲಿಮಣೆಯನ್ನು ಬಿಡದೆ ಒತ್ತಿದೆ. ಓಡುತ್ತಿದ್ದ ಸಾಲುಗಳು ನಿಂತವು. ಕೊನೆಯ ಸಾಲಿನಲ್ಲಿ ಒಂದು ಚಿಹ್ನೆ ಮಿಟುಕುತ್ತ ಕಾಯುತ್ತಿತ್ತು.

"ಕೇಳ್ತು" ಎಂದೆ.

ಇನ್ನು ಅಳಿಸಿ ಬರೆಯುವ ಕೆಲಸ. ಎ-ಎರಡರ ಸರಿಯಾದ ಫೈಲು ಲ್ಯಾಪ್‌ಟಾಪಿನಲ್ಲಿತ್ತು. ನೆಟ್‌ವರ್ಕ್ ಕೇಬಲಿನ ಮೂಲಕ ಪೆಟ್ಟಿಗೆ ಅದನ್ನು ತಾತ್ಕಾಲಿಕ ನೆನಪಿಗೆ ಎಳೆದುಕೊಂಡಿತು. ಹಳೆಯದನ್ನು ಎಲ್ಲಿಂದ ಎಷ್ಟು ಅಳಿಸಬೇಕೆಂದು ಈಗ ನಾನು ಹೇಳಬೇಕು. ಮೆಕ್ಯಾನಿಕ್ಕುಗಳು ಹಂಚಿಕೊಳ್ಳುವ ಪುಟದಲ್ಲಿ ಆ ಅಳತೆ 7c ಎಂದು ಶುರುವಾಗಿ ಮುಂದೆ ಸೊನ್ನೆಗಳಿದ್ದವು. ಬೆರಳು ಅದನ್ನೇ ಒತ್ತಲು ಹೋಯಿತು. ಆಗ ಒಳಗೆ ಮತ್ತೆ ಮಗ್ಗಕ್ಕೆ ಕೂತಿದ್ದ ಅತ್ತಿಗೆಯತ್ತ ಕಣ್ಣು ಹೋಯಿತು. ಹಳೆಯ ಹಾಸಿನ ತುದಿ ಬಿಟ್ಟಿದ್ದಕ್ಕಲ್ಲವೇ ಹೊಸದು ಅದರ ದಾರಿ ಹಿಡಿಯುವುದು. ನನ್ನ ಪೆಟ್ಟಿಗೆಯಲ್ಲೂ ತುದಿಯ ಒಂದು ಪಟ್ಟಿಯಲ್ಲೇ ಕೀಲಿಪದ ಇದ್ದದ್ದು. ಅಳಿಸುವ ಮುನ್ನ ಪೆಟ್ಟಿಗೆಯನ್ನೇ ಕೇಳಿದೆ, ನಿನ್ನ ಜಾಗ ಎಷ್ಟೆಂದು. ಪುಟದಲ್ಲಿ ಹೇಳಿದ ಹಲಗೆಯ ಜಾಗದ ಅರ್ಧ ಎಂದಿತು. ಪುಟದ ಅಳತೆ ದೊಡ್ಡ ಹಲಗೆಯದು, ಎಂಟರದು. ಅದನ್ನೇ ಕೊಟ್ಟಿದ್ದರೆ ತುದಿ ಸಮೇತ ಅಳಿಸಿಹೋಗುತ್ತಿತ್ತು.

ಕಾಗದದ ಮೇಲೆ ಲೆಕ್ಕ ಹಾಕಿದೆ. ಎರಡರ ಹಲಗೆಗೆ, ತುದಿಯ ಪಟ್ಟಿ ಬಿಟ್ಟು, 3c. ಟೈಪು ಮಾಡಿ, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದೆ. ಎಲ್ಲಿಂದ ಎಂಬುದಕ್ಕೆ ಒಂಬತ್ತು, ಎಫ್, ಸೊನ್ನೆ, ಎರಡು; ಎಷ್ಟು ಎಂಬುದಕ್ಕೆ ಮೂರು, ಸಿ. ಮತ್ತೆ ಕಾಗದ ನೋಡಿ ಇನ್ನೊಮ್ಮೆ ಓದಿದೆ.

"ಯಾರ್ಗಪ್ಪ ಯೋಳ್ತಿದ್ದೀಯ?" ಒಳಗಿನಿಂದ ಅತ್ತಿಗೆ ಕೇಳಿದರು.

"ನನಗೇ" ಎಂದು ಒತ್ತಿದೆ. ಅಳಿಸುವಾಗ ಚುಕ್ಕೆ ಚುಕ್ಕೆ ಬೀಳುತ್ತವೆ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಮುಗಿಯಿತು. ಕೆಚ್ಚಿದ ಎಳೆ ಅಲುಗಬಾರದೆಂದು ಉಸಿರೂ ಬಿಗಿಹಿಡಿದಿದ್ದೆ. ಬರೆದಾಯಿತು, ಪೆಟ್ಟಿಗೆ ಎದ್ದಿತು, ಬೀಳಲಿಲ್ಲ. ಸೆಟ್ಟಿಂಗ್ ಪುಟ ತೆರೆದರೆ ಬೆಟ್ಟದ ಪೆಟ್ಟಿಗೆಯ ಹೆಸರು, ಅದರ ಮುಂದೆ ಕೀಲಿಪದದ ಕಪ್ಪು ಚುಕ್ಕೆಗಳು. ಹಾಗೇ ಇದ್ದವು.

ಊರು ಮುಟ್ಟಿದಾಗ ಮೂರು ಗಂಟೆ. ಶಾಲೆಯ ಮುಂದೆ ಯಾರೂ ಇರಲಿಲ್ಲ. ಜನ ಎಲ್ಲ ಬಸುರಿಯ ಮನೆ ಬಾಗಿಲಲ್ಲಿದ್ದರು. ಮಧ್ಯಾಹ್ನದಿಂದ ನೋವು. ಊರಿಂದ ದೂರ, ಸಿಗ್ನಲ್ ಸಿಗುವ ಏರಿಗೆ ಗಂಡನನ್ನು ಬೈಕಿನಲ್ಲಿ ಓಡಿಸಿದ್ದರು, ಅವನು ಇನ್ನೂ ಬಂದಿರಲಿಲ್ಲ. ಆಶಾ ಕಾರ್ಯಕರ್ತೆ ನನ್ನನ್ನು ಕಂಡು ಓಡಿ ಬಂದರು. "ನೀರೊಡದದೆ ಸಾ" ಎಂದರು.

ತಾರಸಿಗೆ ಹೇಗೆ ಹತ್ತಿದೆನೋ. ಕಂಬಕ್ಕೆ ಬಿಗಿದು ಕರೆಂಟ್ ಕೊಟ್ಟೆ. ಮೊದಲ ದೀಪ, ಎರಡನೆಯದು, ಮೂರನೆಯದು. ನಾಲ್ಕನೆಯದು ಬೆಟ್ಟದ ಕೊಂಡಿಯದು. ಹೊತ್ತಲಿಲ್ಲ. ಆಂಟೆನಾ ಕೂದಲೆಳೆಯಷ್ಟು ತಿರುಗಿಸಿದೆ. ಇಲ್ಲ. ಇನ್ನೊಂದಿಷ್ಟು ತಿರುಗಿಸಿ ಕೈಬಿಟ್ಟು ಸುಮ್ಮನೆ ನಿಂತೆ. ದೀಪ ಒಮ್ಮೆ ಮಿಟುಕಿ, ನಿಂತು ಉರಿಯಿತು. ಕೆಳಗೆ ಯಾರದೋ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಆಮೇಲೆ ಇನ್ನೊಂದು. ಆಶಾ ಕಾರ್ಯಕರ್ತೆ ಆಗಲೇ ಫೋನು ಕಿವಿಗಿಟ್ಟು ಊರ ಹೆಸರು, ದಾರಿ, ತಿರುವು ಎಲ್ಲ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಆಂಬುಲೆನ್ಸು ಹನೂರಿನಿಂದ ಹೊರಟಿತು. ಕಾಯುವಷ್ಟು ಹೊತ್ತೂ ಆಂಬುಲೆನ್ಸಿನವರು ಏನು ಮಾಡಬೇಕೆಂದು ಫೋನಿನಲ್ಲೇ ಹೇಳುತ್ತಿದ್ದರು, ಆಕೆ ಬಾಗಿಲಾಚೆ ಅದನ್ನು ಮಾಡುತ್ತಿದ್ದರು.

ಗಾಡಿ ಬಂದು ಸ್ಟ್ರೆಚರ್ ಏರಿಸುವಾಗ ಅತ್ತೆ ಅಲ್ಲೇ ಇದ್ದರು, ನೆನ್ನೆಯ ಜನವೂ ಇದ್ದರು. "ಅಮ್ಮಾ, ನೆನ್ನೆ ಲೈನ್ ಕೆಟ್ಟಿದ್ದು ಇವರಿಂದ ಅಲ್ಲ. ಇವರು ಎರಡು ಅಂತಲೇ ಹೇಳಿದ್ರು. ನನಗೆ ಎಂಟು ಅಂತ ಕೇಳ್ತು. ಕೇಳಿ ಖಾತ್ರಿ ಮಾಡ್ಕೊಳ್ಳಲಿಲ್ಲ. ತಪ್ಪು ನಂದು" ಎಂದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ, ಅವರ ಜೀವವೆಲ್ಲ ಗಾಡಿಯೊಳಗಿತ್ತು. ಆಶಾ ಕಾರ್ಯಕರ್ತೆ ಮಾತ್ರ ಗಾಡಿ ಹತ್ತಿ ಬಾಗಿಲು ಎಳೆದುಕೊಳ್ಳುವ ಮುನ್ನ ಒಂದು ಗಳಿಗೆ ನನ್ನನ್ನು ನೋಡಿದರು.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಫೋನು ಬಂತು. ಕಾಮಗೆರೆಯ ಆಸ್ಪತ್ರೆಯಿಂದ, ಆಶಾ ಕಾರ್ಯಕರ್ತೆ.

"ಎಣ್ ಕೂಸು ಸಾ. ತಾಯೀನೂ ಚೆನ್ನಾಗವ್ಳೆ, ರಕ್ತ ಒಂದ್ ಬಾಟ್ಲಿ ಕೊಟ್ರು ಅಷ್ಟೇಯ." ಮತ್ತೆ ಅವರೇ ಹೇಳಿದರು, "ತೂಕ ಎಷ್ಟು ಅಂತ ಕೇಳಲ್ವಾ?"

"ಹೇಳಿ ಅಕ್ಕಾ."

"ಎರಡು ಪಾಯಿಂಟ್ ಎಂಟು. ಎರಡೂ ಅದೆ, ಎಂಟೂ ಅದೆ ಸಾ. ಸರಿಯಾಗ್ ಕೇಳಿಸ್ಕಳಿ."

ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಒಂದರಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ಎತ್ತಿದ ಶಟರು. "ಎರಡು ಪಾಯಿಂಟ್ ಎಂಟು" ಎಂದು ಒಂದೊಂದೇ ಅಂಕಿ ಅವರಿಗೆ ತಿರುಗಿ ಹೇಳಿದೆ. "ಸರಿನಾ ಅಕ್ಕಾ?"

"ಸರಿಯಾಗದೆ" ಎಂದರು.